ಯಾರ ಅಪ್ಪಣೆಯಿಂದ? – 1971ರ ಮುಜಿಬ್‌ನಗರ ಸರಕಾರದ ಕುರಿತು

ಯುದ್ಧ ಮುಗಿದು ಒಂದು ನಾಡು ಬಿಡುಗಡೆಗೊಂಡ ಮರುದಿನ ಬೆಳಿಗ್ಗೆ ಅಲ್ಲಿನ ಖಜಾನೆಯ ಬೀಗದ ಕೈ ಯಾರ ಬಳಿ ಇರಬೇಕು, ಠಾಣೆಯ ಪೊಲೀಸರು ಯಾರ ಮಾತು ಕೇಳಬೇಕು, ಸೆರೆಮನೆಯಲ್ಲಿರುವವರನ್ನು ಬಿಡಬೇಕೋ ಇಟ್ಟುಕೊಳ್ಳಬೇಕೋ ಎಂಬುದನ್ನು ಯಾವ ಕಾನೂನು ನೋಡಿ ತೀರ್ಮಾನಿಸಬೇಕು ಎಂಬ ಪ್ರಶ್ನೆಗಳಿಗೆ ಯುದ್ಧದ ಚರಿತ್ರೆಗಳಲ್ಲಿ ಹೆಚ್ಚು ಜಾಗ ಸಿಗುವುದಿಲ್ಲ. ಸೇನಾಪತಿಗಳ ಹೆಸರು, ಶರಣಾಗತಿಯ ಚಿತ್ರ, ಬಾವುಟ ಏರಿದ ದಿನಾಂಕ ಇವು ಎಲ್ಲರ ನೆನಪಿನಲ್ಲಿ ಉಳಿಯುತ್ತವೆ. ಕಾಸರಗೋಡಿನ ಕಂದಾಯ ಕಚೇರಿಗಳಲ್ಲಿ ಕಡತಗಳ ನಡುವೆ ಕೆಲಸ ಮಾಡಿ ನಿವೃತ್ತನಾದ ನನಗೆ ಮಾತ್ರ 1971ರ ಬಾಂಗ್ಲಾದೇಶದ ಕತೆಯಲ್ಲಿ ಮತ್ತೆ ಮತ್ತೆ ಓದಬೇಕೆನಿಸುವುದು ಯುದ್ಧದ ಭಾಗವಲ್ಲ. ಕೈಯಲ್ಲಿ ಒಂದು ಊರೂ ಇಲ್ಲದಿದ್ದ ಕೆಲವು ಮಂದಿ, ಎಂಟು ತಿಂಗಳ ಕಾಲ ಭಾರತದ ನೆಲದಲ್ಲಿ ಕುಳಿತು, ಮುಜಿಬ್‌ನಗರ ಸರಕಾರ ಎಂದು ಹೆಸರಾದ ಒಂದು ಸರಕಾರವನ್ನು ಕಾಗದದಿಂದ ಮೊದಲ್ಗೊಂಡು ಕಟ್ಟಿದ ಭಾಗ. ಅದರ ಬಗ್ಗೆ ಕನ್ನಡದಲ್ಲಿ ನಾನು ಓದಿದ್ದು ತೀರ ಕಡಿಮೆ. ಅದಕ್ಕಾಗಿಯೇ ಈ ಬರಹ.

1970ರ ಡಿಸೆಂಬರಿನಲ್ಲಿ ಪಾಕಿಸ್ತಾನದಲ್ಲಿ ಮಹಾಚುನಾವಣೆ ನಡೆಯಿತು. ಪೂರ್ವ ಪಾಕಿಸ್ತಾನಕ್ಕೆ, ಅಂದರೆ ಇಂದಿನ ಬಾಂಗ್ಲಾದೇಶಕ್ಕೆ, ಮೀಸಲಾಗಿದ್ದ 169 ರಾಷ್ಟ್ರೀಯ ಸ್ಥಾನಗಳಲ್ಲಿ ಶೇಖ್ ಮುಜಿಬುರ್ ರಹಮಾನರ ಅವಾಮಿ ಲೀಗ್ 167ನ್ನು ಪಡೆಯಿತು. ಇಡೀ ದೇಶದಲ್ಲಿ ಸ್ಪಷ್ಟ ಬಹುಮತ ಬಂದರೂ ಅಧಿಕಾರ ಹಸ್ತಾಂತರವಾಗಲಿಲ್ಲ. 1971ರ ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಸೇನೆ ಹತ್ಯಾಕಾಂಡಕ್ಕೆ ಇಳಿಯಿತು, ಮುಜಿಬ್ ಬಂಧಿತರಾಗಿ ಪಶ್ಚಿಮ ಪಾಕಿಸ್ತಾನದ ಸೆರೆಮನೆ ಸೇರಿದರು. ಇಷ್ಟು ಎಲ್ಲರಿಗೂ ಗೊತ್ತು. ಮುಂದಿನದು ಅಷ್ಟಾಗಿ ಗೊತ್ತಿಲ್ಲದ್ದು.

ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ತಾಜುದ್ದೀನ್ ಅಹ್ಮದ್ ಮಾರ್ಚ್ 27ರಂದು ಯುವ ವಕೀಲ ಅಮೀರುಲ್ ಇಸ್ಲಾಂ ಅವರ ಜೊತೆಗೂಡಿ ಢಾಕಾ ಬಿಟ್ಟರು. ಹೊಳೆ ದಾಟಿ, ಹಳ್ಳಿಗಳ ನಡುವೆ ನಡೆದು ಮಾರ್ಚ್ 30ರ ಸಂಜೆಗೆ ಪಶ್ಚಿಮದ ಗಡಿಗೆ ತಲುಪಿದರು. ಅಲ್ಲಿ ಅವರು ಮಾಡಿದ ಒಂದು ಕೆಲಸ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದೆ. ಗಡಿ ದಾಟಿ ಜೀವ ಉಳಿಸಿಕೊಳ್ಳಲು ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ. ಆ ದಿನಗಳಲ್ಲಿ ಸಾವಿರಾರು ಜನ ಹಾಗೆ ದಾಟುತ್ತಿದ್ದರು. ಆದರೆ ಅವರು ಒಂದು ಮೋರಿಯ ಬಳಿ ಕುಳಿತು, ಸ್ವತಂತ್ರ ದೇಶದ ಪ್ರತಿನಿಧಿಗಳಿಗೆ ಸಲ್ಲಬೇಕಾದ ಮರ್ಯಾದೆಯಿಂದ ಬರಮಾಡಿಕೊಂಡರೆ ಮಾತ್ರ ಭಾರತಕ್ಕೆ ಬರುತ್ತೇವೆ ಎಂದು ಹೇಳಿ ಕಳುಹಿಸಿದರು ಎಂದು ಜೊತೆಗಿದ್ದ ಅಮೀರುಲ್ ಇಸ್ಲಾಂ ನೆನಪಿಸಿಕೊಂಡಿದ್ದಾರೆ. ದಿನಗಟ್ಟಲೆ ನಡೆದು ಬಟ್ಟೆ ಮಾಸಿದ್ದ, ಕೈಯಲ್ಲಿ ಏನೂ ಇಲ್ಲದ ಇಬ್ಬರನ್ನು ಗಡಿ ಭದ್ರತಾ ಪಡೆಯ ಅಧಿಕಾರಿಗಳು ಬಂದು ಗೌರವದಿಂದ ಕರೆದುಕೊಂಡು ಹೋದರು. ಏಪ್ರಿಲ್ ಮೊದಲ ವಾರದಲ್ಲಿ ತಾಜುದ್ದೀನ್ ದೆಹಲಿಯಲ್ಲಿ ಇಂದಿರಾ ಗಾಂಧಿಯವರನ್ನು ಕಂಡಾಗ ಆಶ್ರಯ ಬೇಡಲು ಬಂದವರಾಗಿ ಮಾತನಾಡಲಿಲ್ಲ. ಒಂದು ಸರಕಾರದ ಪರವಾಗಿ ಮಾತನಾಡಿದರು, ಆ ಸರಕಾರ ಆಗಿನ್ನೂ ವಿಧಿವತ್ತಾಗಿ ಹುಟ್ಟಿರಲಿಲ್ಲವಾದರೂ.

ಹುಟ್ಟು ಸಲೀಸಾಗಿರಲಿಲ್ಲ. ಪಕ್ಷದ ಯುವ ನಾಯಕರಲ್ಲಿ ಕೆಲವರಿಗೆ ಸರಕಾರವೇ ಬೇಡವಾಗಿತ್ತು. ಯುದ್ಧಕಾಲದಲ್ಲಿ ಕ್ರಾಂತಿಕಾರಿ ಮಂಡಳಿಯೊಂದು ಸಾಕು, ಮಂತ್ರಿಮಂಡಲದ ಮಾತು ಆಮೇಲೆ ನೋಡೋಣ ಎಂಬುದು ಅವರ ವಾದ. ಹಿರಿತನ ತನ್ನದೆಂದು ಖಂದಕರ್ ಮುಷ್ತಾಕ್ ಅಹ್ಮದ್ ಪ್ರಧಾನಿಯ ಸ್ಥಾನಕ್ಕೆ ಕಣ್ಣಿಟ್ಟಿದ್ದರು. ತಾಜುದ್ದೀನ್ ಹಿಡಿದ ಹಾದಿ ಬೇರೆ. ನಮಗೆ ಅಧಿಕಾರ ಬಂದದ್ದು ಬಂದೂಕಿನಿಂದಲ್ಲ, ಚುನಾವಣೆಯಿಂದ. ಆದ್ದರಿಂದ ಗೆದ್ದು ಬಂದ ಪ್ರತಿನಿಧಿಗಳೇ ಸಂವಿಧಾನ ಸಭೆಯಾಗಬೇಕು, ಆ ಸಭೆಯಿಂದಲೇ ಸರಕಾರ ಹುಟ್ಟಬೇಕು ಎಂಬುದು ಅದರ ತಿರುಳು. ಮುಂದೆ ಒದಗಿದ ಬಹಳಷ್ಟು ಕಷ್ಟಗಳಿಂದ ಆ ದೇಶವನ್ನು ಪಾರುಮಾಡಿದ್ದು ಈ ಒಂದು ನಿರ್ಧಾರ ಎಂದು ನಾನು ನಂಬಿದ್ದೇನೆ. ಕ್ರಾಂತಿಕಾರಿ ಮಂಡಳಿಯಾಗಿದ್ದರೆ ಯಾರ ಕೈಯಲ್ಲಿ ಹೆಚ್ಚು ಬಂದೂಕುಗಳಿದ್ದವೋ ಅವರೇ ಮಂಡಳಿಯಾಗುತ್ತಿದ್ದರು.

ಏಪ್ರಿಲ್ 10ರಂದು ಸ್ವಾತಂತ್ರ್ಯದ ಘೋಷಣಾಪತ್ರ ಹೊರಬಂತು. ಕರಡು ಬರೆದವರು ಅಮೀರುಲ್ ಇಸ್ಲಾಂ. ಅದು ಭಾವುಕ ಭಾಷಣವಲ್ಲ, ವಕೀಲನೊಬ್ಬ ನ್ಯಾಯಾಲಯದ ಮುಂದೆ ಇಡುವ ಅರ್ಜಿಯಂತೆ ಹಂತ ಹಂತವಾಗಿ ಸಾಗುವ ದಸ್ತಾವೇಜು: ಚುನಾವಣೆ ನಡೆಯಿತು, ಇಷ್ಟು ಮಂದಿ ಗೆದ್ದರು, ಸಭೆ ಕರೆಯುವುದಾಗಿ ಹೇಳಿ ಕರೆಯಲಿಲ್ಲ, ಅನ್ಯಾಯದ ಯುದ್ಧ ಸಾರಿದರು, ಆದ್ದರಿಂದ ನಾವು ಜನರ ಪ್ರತಿನಿಧಿಗಳು ಸಂವಿಧಾನ ಸಭೆಯಾಗಿ ಸೇರಿ ಬಾಂಗ್ಲಾದೇಶವನ್ನು ಸಾರ್ವಭೌಮ ಗಣರಾಜ್ಯವಾಗಿ ಸ್ಥಾಪಿಸುತ್ತೇವೆ. ಸೆರೆಯಲ್ಲಿದ್ದ ಮುಜಿಬರೇ ರಾಷ್ಟ್ರಪತಿ. ಸೈಯದ್ ನಜ್ರುಲ್ ಇಸ್ಲಾಂ ಉಪರಾಷ್ಟ್ರಪತಿ. ರಾಷ್ಟ್ರಪತಿ ಕಾರ್ಯ ನಿರ್ವಹಿಸಲಾಗದಿದ್ದಲ್ಲಿ ಅವರ ಎಲ್ಲ ಅಧಿಕಾರ ಉಪರಾಷ್ಟ್ರಪತಿಗೆ. ಪತ್ರ ಜಾರಿಗೆ ಬಂದದ್ದು ಹಿಂದಿನ ಮಾರ್ಚ್ 26ರಿಂದ. ಈ ದಿನಾಂಕದ ಮಹತ್ವ ಸಾಮಾನ್ಯರ ಕಣ್ಣಿಗೆ ಬೀಳಲಿಕ್ಕಿಲ್ಲ. ಮಾರ್ಚ್ 26ಕ್ಕೂ ಏಪ್ರಿಲ್ 10ಕ್ಕೂ ನಡುವೆ ಬಂಡೆದ್ದ ಸೈನಿಕರು, ಖಜಾನೆಯ ಹಣವನ್ನು ಹೋರಾಟಕ್ಕೆ ಒಪ್ಪಿಸಿದ ಅಧಿಕಾರಿಗಳು, ಆಯುಧಾಗಾರ ತೆರೆದುಕೊಟ್ಟ ಪೊಲೀಸರು ಎಲ್ಲರೂ ಆ ಒಂದು ಸಾಲಿನಿಂದ ದ್ರೋಹಿಗಳ ಪಟ್ಟಿಯಿಂದ ಹೊರಬಂದು, ಕಾನೂನುಬದ್ಧ ಸರಕಾರವೊಂದರ ನೌಕರರಾದರು.

ಅದೇ ದಿನ ನಜ್ರುಲ್ ಇಸ್ಲಾಂ ಸಹಿ ಮಾಡಿದ ಇನ್ನೊಂದು ಸಣ್ಣ ಆದೇಶವಿದೆ. ನನ್ನ ದೃಷ್ಟಿಯಲ್ಲಿ ಘೋಷಣಾಪತ್ರಕ್ಕಿಂತ ಅದು ಕಡಿಮೆಯದಲ್ಲ. ಕಾನೂನುಗಳ ಮುಂದುವರಿಕೆಯ ಆದೇಶ ಎಂದು ಅದನ್ನು ಕರೆಯಬಹುದು. ಮಾರ್ಚ್ 25ರಂದು ಜಾರಿಯಲ್ಲಿದ್ದ ಎಲ್ಲ ಕಾನೂನುಗಳೂ, ಹೊಸ ದೇಶ ಹುಟ್ಟಿದ್ದರಿಂದ ಅಗತ್ಯವಾಗುವ ಬದಲಾವಣೆಗಳೊಂದಿಗೆ, ಹಾಗೆಯೇ ಮುಂದುವರಿಯುತ್ತವೆ. ಬಾಂಗ್ಲಾದೇಶಕ್ಕೆ ನಿಷ್ಠೆಯ ಪ್ರಮಾಣ ಮಾಡಿದ ಸರಕಾರಿ ನೌಕರರು, ನಾಗರಿಕ, ಸೈನಿಕ, ನ್ಯಾಯಾಂಗ, ರಾಯಭಾರ ಯಾವ ಸೇವೆಯವರೇ ಆಗಿರಲಿ, ಅವೇ ಷರತ್ತುಗಳ ಮೇಲೆ ತಮ್ಮ ಹುದ್ದೆಗಳಲ್ಲಿ ಮುಂದುವರಿಯುತ್ತಾರೆ. ಪ್ರಮಾಣ ಮಾಡಿಸುವ ಹೊಣೆ ಜಿಲ್ಲಾ ನ್ಯಾಯಾಧೀಶರದು, ಜಿಲ್ಲಾ ಮ್ಯಾಜಿಸ್ಟ್ರೇಟರದು, ಹೊರದೇಶಗಳಲ್ಲಿ ರಾಯಭಾರಿಗಳದು. ಕೆಲವೇ ಸಾಲುಗಳು. ಒಂದು ಜಿಲ್ಲೆಯೂ ಕೈಯಲ್ಲಿ ನಿಲ್ಲುವ ಭರವಸೆಯಿಲ್ಲದ ಹೊತ್ತಿನಲ್ಲಿ, ಜಿಲ್ಲೆಗಳು ಕೈಗೆ ಬಂದ ದಿನ ಯಾರು ಯಾರಿಗೆ ಪ್ರಮಾಣವಚನ ಬೋಧಿಸಬೇಕೆಂಬುದನ್ನು ಅವರು ಬರೆದಿಟ್ಟಿದ್ದರು.

ಇಂಥ ಸಾಲುಗಳ ಬೆಲೆ ನಮ್ಮ ಗಡಿನಾಡಿನವರಿಗೆ ಅರ್ಥವಾಗದ ಸಂಗತಿಯಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದಾಗ ಇಲ್ಲಿ ಯುದ್ಧವಿರಲಿಲ್ಲ, ನೋವು ಮಾತ್ರ ಇತ್ತು, ಈಗಲೂ ಇದೆ. ನನ್ನ ದೊಡ್ಡಪ್ಪ ಆಗ ಬದಿಯಡ್ಕದ ಕಡೆಯ ಒಂದು ಗ್ರಾಮದಲ್ಲಿ ಶಾನುಭೋಗರಾಗಿದ್ದರು. ಆ ವಾರದಲ್ಲಿ ಒಬ್ಬರು ಹಿರಿಯ ಹೆಂಗಸು ಹಳೆಯ ರಶೀದಿಗಳ ಕಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, "ಇನ್ನು ತೀರ್ವೆ ಯಾರಿಗೆ ಕಟ್ಟುವುದು ಶಾನುಭೋಗರೇ? ಈ ಕಾಗದಕ್ಕೆಲ್ಲ ಇನ್ನು ಬೆಲೆ ಉಂಟಾ?" ಎಂದು ಕೇಳಿದ್ದರಂತೆ. "ಇಲ್ಲಿಗೇ ಕಟ್ಟುವುದು ಅಮ್ಮಾ. ವರ್ಗ ನಿಮ್ಮದೇ, ಪಟ್ಟೆ ನಿಮ್ಮದೇ, ಕುಮ್ಕಿಯೂ ನಿಮ್ಮದೇ. ಯಾವುದೂ ಹೋಗಲಿಕ್ಕಿಲ್ಲ" ಎಂದು ಇವರು ಉತ್ತರ ಹೇಳಿದರು. ತೀರ್ವೆ ಎಂದರೆ ಭೂಕಂದಾಯ, ವರ್ಗ ಸ್ವಂತ ಹಿಡುವಳಿ, ಪಟ್ಟೆ ಅದರ ಹಕ್ಕುಪತ್ರ, ಕುಮ್ಕಿ ಹಿಡುವಳಿಗೆ ತಾಗಿದ ಸರಕಾರಿ ಜಾಗವನ್ನು ಅನುಭೋಗಿಸುವ ಹಕ್ಕು. ಹಾಗೆ ಹೇಳುವ ಧೈರ್ಯ ಅವರಿಗೆ ಬಂದದ್ದು ರಾಜ್ಯ ಪುನರ್ವಿಂಗಡಣಾ ಕಾಯಿದೆಯ 119ನೆಯ ಕಲಮಿನಿಂದ. ಗಡಿ ಬದಲಾದರೂ ಆಯಾ ಪ್ರದೇಶದಲ್ಲಿ ಜಾರಿಯಲ್ಲಿದ್ದ ಕಾನೂನು, ಬೇರೆ ಕಾನೂನು ಬರುವ ತನಕ, ಹಾಗೆಯೇ ನಡೆಯುತ್ತದೆ ಎನ್ನುವ ಕಲಮು ಅದು. ದೆಹಲಿಯಲ್ಲಿ ಸಂಸತ್ತು, ಸಚಿವಾಲಯ, ನುರಿತ ಕಾನೂನು ಅಧಿಕಾರಿಗಳು ಕುಳಿತು ನೆಮ್ಮದಿಯಿಂದ ಬರೆದ ಏರ್ಪಾಡು. ತಾಜುದ್ದೀನರ ಜೊತೆಗಾರರು ಅದನ್ನೇ ಓಡಿಬಂದ ಹತ್ತು ಹನ್ನೆರಡು ದಿನಗಳೊಳಗೆ ಬರೆದರು.

ಏಪ್ರಿಲ್ 17ರ ಪ್ರಮಾಣವಚನ ಮೆಹರ್‌ಪುರದ ಬೈದ್ಯನಾಥತಲದ ಮಾವಿನ ತೋಪಿನಲ್ಲಿ ನಡೆಯಿತು. ಕೋಲ್ಕತ್ತದಿಂದ ಪತ್ರಕರ್ತರನ್ನು ಎಲ್ಲಿಗೆಂದು ಮೊದಲೇ ಹೇಳದೆ ಬೆಳಗಿನ ಜಾವದಲ್ಲಿ ಕಾರುಗಳಲ್ಲಿ ಕರೆತಂದಿದ್ದರು. ಕುರ್ಚಿಗಳನ್ನು ಅಕ್ಕಪಕ್ಕದ ಮನೆಗಳಿಂದ ಹೊತ್ತು ತಂದದ್ದು. ಕೆಲವಕ್ಕೆ ಕೈಯೇ ಇರಲಿಲ್ಲ. ಗೌರವ ರಕ್ಷೆಗೆ ಬರಬೇಕಿದ್ದ ಸೈನಿಕರು ಹೊತ್ತಿಗೆ ಸರಿಯಾಗಿ ಬಾರದಿದ್ದಾಗ ಝಿನೈದಾದ ಯುವ ಪೊಲೀಸ್ ಅಧಿಕಾರಿ ಮಹಬೂಬುದ್ದೀನ್ ಅಹ್ಮದ್ ಊರಿನ ಹನ್ನೆರಡು ಮಂದಿ ಅನ್ಸಾರರನ್ನು, ಅಂದರೆ ಗೃಹರಕ್ಷಕ ದಳದಂಥ ಪಡೆಯ ಸಾಮಾನ್ಯ ಹಳ್ಳಿಗರನ್ನು, ಸಾಲುಗಟ್ಟಿಸಿ ನಿಲ್ಲಿಸಿ ವಂದನೆ ಸಲ್ಲಿಸಿದರು. ಪ್ರೊಫೆಸರ್ ಯೂಸುಫ್ ಅಲಿ ಘೋಷಣಾಪತ್ರ ಓದಿದರು. ತಾಜುದ್ದೀನ್ ಪ್ರಧಾನಿಯಾದರು. ಎಂ. ಮನ್ಸೂರ್ ಅಲಿಯವರಿಗೆ ಹಣಕಾಸು, ಎ. ಎಚ್. ಎಂ. ಕಮರುಜ್ಜಮಾನರಿಗೆ ಗೃಹ ಮತ್ತು ಪರಿಹಾರ, ಮುಷ್ತಾಕರಿಗೆ ವಿದೇಶಾಂಗ, ಕರ್ನಲ್ ಉಸ್ಮಾನಿಯವರಿಗೆ ಸೇನೆಯ ಪ್ರಧಾನ ದಂಡನಾಯಕತ್ವ. ಆ ಜಾಗಕ್ಕೆ ಮುಜಿಬ್‌ನಗರ ಎಂದು ಹೆಸರಿಟ್ಟು, ಮಧ್ಯಾಹ್ನವಾಗುವಷ್ಟರಲ್ಲಿ ಎಲ್ಲರೂ ತಿರುಗಿ ಹೊರಟರು. ಪ್ರಮಾಣ ತಮ್ಮ ನೆಲದಲ್ಲಿಯೇ ಆಗಬೇಕು ಎಂಬ ಹಟಕ್ಕಾಗಿ ಇಷ್ಟು ಅಪಾಯ ಮೈಮೇಲೆ ಎಳೆದುಕೊಂಡರು. ಮರುದಿನವೇ ಕೋಲ್ಕತ್ತದ ಪಾಕಿಸ್ತಾನಿ ಉಪ ಹೈಕಮಿಷನರ್ ಹುಸೇನ್ ಅಲಿ ತಮ್ಮ ಬಂಗಾಳಿ ಸಿಬ್ಬಂದಿಯೊಡನೆ ಹೊಸ ಸರಕಾರಕ್ಕೆ ನಿಷ್ಠೆ ಸಾರಿ ಕಚೇರಿಯ ಮೇಲಿನ ಬಾವುಟ ಬದಲಿಸಿದರು. ಒಂದು ವಾರದ ಹಿಂದಿನ ಆದೇಶದಲ್ಲಿ ರಾಯಭಾರ ಸೇವೆಯವರ ಬಗ್ಗೆ ಬರೆದಿದ್ದ ಸಾಲು ಆಗಲೇ ಕೆಲಸಕ್ಕೆ ಬಂದಿತ್ತು.

ಸರಕಾರದ ಕಚೇರಿ ಕೋಲ್ಕತ್ತದ 8, ಥಿಯೇಟರ್ ರೋಡಿನ ಕಟ್ಟಡ. ತಾಜುದ್ದೀನ್ ಅಲ್ಲಿಯೇ ಕಚೇರಿಗೆ ತಾಗಿದ ಕೋಣೆಯೊಂದರಲ್ಲಿ ಇರುತ್ತಿದ್ದರು. ಹೆಂಡತಿ ಮಕ್ಕಳು ಅದೇ ನಗರದಲ್ಲಿದ್ದರೂ ದೇಶ ಬಿಡುಗಡೆಯಾಗುವವರೆಗೆ ಸಂಸಾರದೊಡನೆ ವಾಸಮಾಡುವುದಿಲ್ಲ ಎಂದು ನಿಶ್ಚಯಿಸಿ ಹಾಗೆಯೇ ನಡೆದುಕೊಂಡರು. ಅಲ್ಲಿಂದ ನಡೆದ ಕೆಲಸಗಳನ್ನು ನೋಡಿದರೆ ಅದನ್ನು ದೇಶಭ್ರಷ್ಟರ ಕೂಟವೆಂದು ಕರೆಯಲು ಯಾರಿಗೂ ಮನಸ್ಸಾಗದು. ಗಡಿಯ ಪಟ್ಟಣಗಳ ಖಜಾನೆಗಳಿಂದ ಬಂದ ಹಣಕ್ಕೆ ಲೆಕ್ಕ ಇಟ್ಟರು. ಬಂದು ಸೇರಿದ ಅಧಿಕಾರಿಗಳಿಗೆ ಇಲಾಖೆ ಹಂಚಿ, ಸಂಬಳಕ್ಕೆ ಮಿತಿ ಹಾಕಿದರು. ಜುಲೈ 29ರಂದು ದೇಶದ ಮೊದಲ ಎಂಟು ಅಂಚೆಚೀಟಿಗಳನ್ನು ಹೊರತಂದರು. ಅವುಗಳ ವಿನ್ಯಾಸ ಲಂಡನ್ನಿನಲ್ಲಿದ್ದ ಬಿಮಾನ್ ಮಲ್ಲಿಕರದು. ಬಾನುಲಿ ಕೇಂದ್ರ ನಡೆಸಿದರು. ಪ್ರೊಫೆಸರುಗಳನ್ನು ಸೇರಿಸಿ ಯೋಜನಾ ಘಟಕವೊಂದನ್ನು ಮಾಡಿ, ಯುದ್ಧಾನಂತರದ ಪುನರ್ವಸತಿಯ ಲೆಕ್ಕಾಚಾರಕ್ಕೆ ಕೂರಿಸಿದರು. ಗಡಿಯುದ್ದಕ್ಕೂ ವಲಯ ಆಡಳಿತ ಮಂಡಳಿಗಳನ್ನು ರಚಿಸಿದರು. ಆಯಾ ವಲಯದ ಚುನಾಯಿತ ಪ್ರತಿನಿಧಿಗಳೇ ಅದರ ಸದಸ್ಯರು, ಅವರೊಳಗಿಂದ ಒಬ್ಬ ಅಧ್ಯಕ್ಷ, ಸರಕಾರಿ ಅಧಿಕಾರಿಯೊಬ್ಬ ಕಾರ್ಯದರ್ಶಿ. ಭಾರತಕ್ಕೆ ಬಂದ ಸುಮಾರು ಒಂದು ಕೋಟಿ ನಿರಾಶ್ರಿತರ ನಡುವೆ, ಶಿಬಿರಗಳಲ್ಲಿ, ತರಬೇತಿಗೆ ಬರುವ ಹುಡುಗರ ನಡುವೆ, ನಮಗೊಂದು ಸರಕಾರ ಇದೆ ಎಂಬ ಭಾವನೆ ಉಳಿದದ್ದು ಈ ಮಂಡಳಿಗಳ ಮೂಲಕ.

ಒಳಗಿನ ಎಳೆದಾಟಗಳನ್ನು ಮರೆಮಾಚಿದರೆ ಈ ಜನಕ್ಕೆ ನ್ಯಾಯ ಮಾಡಿದಂತಾಗದು. ಜುಲೈ ಮೊದಲ ವಾರದಲ್ಲಿ ಸಿಲಿಗುರಿಯಲ್ಲಿ ಚುನಾಯಿತ ಪ್ರತಿನಿಧಿಗಳ ಸಭೆ ಸೇರಿದಾಗ ತಾಜುದ್ದೀನರ ವಿರುದ್ಧ ಬಲವಾದ ದನಿಗಳೆದ್ದವು. ಕೊನೆಗೆ ಸಭೆ ಸರಕಾರದ ಹಿಂದೆ ನಿಂತಿತು. ಅದೇ ತಿಂಗಳು ಸೇನಾ ದಳಪತಿಗಳ ಸಮಾವೇಶದಲ್ಲಿ ಯುದ್ಧವನ್ನು ನಡೆಸಲು ದಳಪತಿಗಳದ್ದೇ ಒಂದು ಯುದ್ಧ ಮಂಡಳಿ ಇರಲಿ ಎಂಬ ಸಲಹೆ ಬಂದಾಗ ಉಸ್ಮಾನಿ ನೊಂದು ರಾಜೀನಾಮೆಗೆ ಮುಂದಾದರು. ತಾಜುದ್ದೀನ್ ಅವರನ್ನು ಒಲಿಸಿ ಉಳಿಸಿಕೊಂಡರು, ಯುದ್ಧ ಮಂಡಳಿ ಆಗಲಿಲ್ಲ, ದೇಶವನ್ನು 11 ಸೆಕ್ಟರುಗಳಾಗಿ ಹಂಚಿ ದಳಪತಿಗಳನ್ನು ಸರಕಾರದ ಅಧೀನದಲ್ಲಿಯೇ ನೇಮಿಸಲಾಯಿತು. ಗೆಲ್ಲಲಾಗದೆ ಹೋದ ವಿಷಯವೂ ಒಂದಿತ್ತು. ಯುವ ನಾಯಕರ ಮುಜಿಬ್ ಬಾಹಿನಿ ಎಂಬ ಪಡೆಗೆ ಭಾರತದ ಗುಪ್ತಚರ ಸಂಸ್ಥೆ ಜನರಲ್ ಉಬಾನರ ಮೂಲಕ ಪ್ರತ್ಯೇಕ ತರಬೇತಿ ಕೊಡುತ್ತಿತ್ತು. ಆ ಪಡೆ ಉಸ್ಮಾನಿಯವರ ಆಜ್ಞೆಗೂ ಒಳಪಟ್ಟಿರಲಿಲ್ಲ, ಮಂತ್ರಿಮಂಡಲಕ್ಕೂ ಉತ್ತರಿಸುತ್ತಿರಲಿಲ್ಲ. ನಮ್ಮ ದೇಶ ಆ ಯುದ್ಧದಲ್ಲಿ ಮಾಡಿದ ಉಪಕಾರದ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಒಂದು ಸರಕಾರವನ್ನು ಆಶ್ರಯದಲ್ಲಿ ಇಟ್ಟುಕೊಂಡು ಅದರ ಬೆನ್ನ ಹಿಂದೆ ಇನ್ನೊಂದು ಪಡೆಯನ್ನು ಬೆಳೆಸಿದ್ದು ಸರಿಯಲ್ಲವೆಂದು ಹೇಳದಿರಲಾರೆ. ಇತ್ತ ವಿದೇಶಾಂಗ ಮಂತ್ರಿ ಮುಷ್ತಾಕರ ಕಡೆಯವರು ಕೋಲ್ಕತ್ತದ ಅಮೆರಿಕನ್ ದೂತಾವಾಸದೊಡನೆ ಗುಟ್ಟಾಗಿ ಮಾತುಕತೆ ನಡೆಸಿದ್ದು ತಿಳಿದ ಮೇಲೆ, ವಿಶ್ವಸಂಸ್ಥೆಗೆ ಹೋದ ನಿಯೋಗದ ನೇತೃತ್ವ ಅವರ ಕೈತಪ್ಪಿ ನ್ಯಾಯಮೂರ್ತಿ ಅಬು ಸಯೀದ್ ಚೌಧುರಿಯವರಿಗೆ ಹೋಯಿತು.

ಡಿಸೆಂಬರ್ 6ರಂದು ಭಾರತ ಮನ್ನಣೆ ನೀಡಿತು, ಅದೇ ದಿನ ಭೂತಾನವೂ. 11ರಂದು, ಬಿಡುಗಡೆಗೊಂಡು ದಿನಗಳಷ್ಟೇ ಆಗಿದ್ದ ಜೆಸ್ಸೋರಿನ ಮೈದಾನದಲ್ಲಿ ನಜ್ರುಲ್ ಇಸ್ಲಾಂ ಮತ್ತು ತಾಜುದ್ದೀನ್ ತಮ್ಮ ನೆಲದ ಮೊದಲ ಬಹಿರಂಗ ಸಭೆಯಲ್ಲಿ ಮಾತನಾಡಿದರು. 16ರಂದು ಢಾಕಾದಲ್ಲಿ ಪಾಕಿಸ್ತಾನದ ಜನರಲ್ ನಿಯಾಜಿ ಭಾರತದ ಜನರಲ್ ಅರೋರಾ ಅವರಿಗೆ ಶರಣಾದರು. ಸರಕಾರ ಢಾಕಾಕ್ಕೆ ಬಂದಿಳಿದದ್ದು 22ರಂದು.

ಆ ಆರು ದಿನಗಳ ಅಂತರ ನನ್ನನ್ನು ಬಹಳ ಕಾಡುತ್ತದೆ. ಕಾನೂನು ಇತ್ತು, ಮಂತ್ರಿಮಂಡಲ ಇತ್ತು, ಆದೇಶಗಳಿದ್ದವು; ಆದರೆ ರಾಜಧಾನಿಯಲ್ಲಿ ಕುಳಿತ ಮಂತ್ರಿ ಇರಲಿಲ್ಲ. ಡಿಸೆಂಬರ್ 14ರಂದು ಕೊಲೆಯಾದ ಪ್ರಾಧ್ಯಾಪಕರು, ವೈದ್ಯರು, ಪತ್ರಕರ್ತರ ದೇಹಗಳು ಆಗ ತಾನೇ ಪತ್ತೆಯಾಗುತ್ತಿದ್ದವು, ಜನರ ಕೋಪ ಕುದಿಯುತ್ತಿತ್ತು. ದೇಶವಿಭಜನೆಯ ನಂತರ ಭಾರತದಿಂದ ಹೋಗಿ ಅಲ್ಲಿ ನೆಲೆಸಿದ್ದ, ಉರ್ದು ಮಾತನಾಡುವ ಬಿಹಾರಿಗಳ ಮೇಲೆ ಸೇಡಿನ ಹಲ್ಲೆ, ಕೊಲೆಗಳು ನಡೆದವು. ಯುದ್ಧದಲ್ಲಿ ಕಾಣಿಸಿಕೊಳ್ಳದೆ ಗೆಲುವಿನ ದಿನ ಬಂದೂಕು ಹಿಡಿದು ಬೀದಿಗಿಳಿದವರನ್ನು ಜನ 'ಹದಿನಾರನೆಯ ಡಿವಿಜನ್' ಎಂದು ಕರೆದರು. ಮನೆ, ಅಂಗಡಿ, ವಾಹನಗಳನ್ನು ಕಸಿದುಕೊಂಡವರಲ್ಲಿ ಅವರ ಪಾಲು ದೊಡ್ಡದು. ತಾಜುದ್ದೀನ್ ಬಂದವರೇ ಎಲ್ಲ ಹೋರಾಟಗಾರರನ್ನೂ ಒಂದು ರಾಷ್ಟ್ರೀಯ ದಳದಡಿ ತರುವ ಯೋಜನೆಯನ್ನು ಮುಂದಿಟ್ಟರು. ಎಂಟು ತಿಂಗಳಲ್ಲಿ ಎಲ್ಲಕ್ಕೂ ಆದೇಶ ಬರೆದವರಿಗೆ ಆಯುಧಗಳ ಬಗ್ಗೆ ಮಾತ್ರ ಎಲ್ಲರೂ ಪಾಲಿಸುವ ಆದೇಶ ಬರೆಯುವ ಬಲವಿರಲಿಲ್ಲ. ಬೇರೆ ಬೇರೆ ಕೈಗಳಿಂದ ಬಂದ ಬಂದೂಕುಗಳು ಬೇರೆ ಬೇರೆ ನಾಯಕರ ಮಾತು ಕೇಳುತ್ತಿದ್ದವು. 1972ರ ಜನವರಿ 31ರಂದು ಢಾಕಾ ಕ್ರೀಡಾಂಗಣದಲ್ಲಿ ಮುಜಿಬರ ಮುಂದೆ ಬಹಳಷ್ಟು ಆಯುಧಗಳು ನೆಲಕ್ಕಿಳಿದವು, ಎಲ್ಲವೂ ಇಳಿಯಲಿಲ್ಲ.

ಮಂಗಳೂರಿನ 1837ರ ಕತೆಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. 1834ರಲ್ಲಿ ಕಂಪನಿ ಸರಕಾರ ಕೊಡಗನ್ನು ನುಂಗಿ, ಅಮರ ಸುಳ್ಯದ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿ, ಧಾನ್ಯದ ಬದಲು ನಗದಿನಲ್ಲಿ ಕಂದಾಯ ಕೇಳಿದಾಗ ಎದ್ದ ರೈತರು ಕಲ್ಯಾಣಪ್ಪನ ಹೆಸರಿನಲ್ಲಿ 1837ರ ಏಪ್ರಿಲ್ 5ರಂದು ಬಾವುಟಗುಡ್ಡದ ಮೇಲೆ ತಮ್ಮ ಧ್ವಜ ಏರಿಸಿದರು; ಕಲೆಕ್ಟರ್ ಲೆವಿನ್ ಕಣ್ಣೂರಿಗೆ ಓಡಿಹೋದ. ಹದಿಮೂರು ದಿನ ಮಂಗಳೂರು ಅವರದಾಗಿತ್ತು. ಆ ಜನರ ಎದೆಗಾರಿಕೆ ಮೆಹರ್‌ಪುರದ ಅನ್ಸಾರರಿಗಿಂತ ಎಳ್ಳಷ್ಟೂ ಕಡಿಮೆಯದಲ್ಲ. ಅವರಿಗೆ ಸಿಗದೆ ಹೋದದ್ದು ಬೆನ್ನಿಗೆ ನಿಲ್ಲುವ ನೆರೆರಾಜ್ಯ ಮತ್ತು ಆಡಳಿತವನ್ನು ನೆಲೆಗೊಳಿಸುವಷ್ಟು ಕಾಲ. ಇವೆರಡೂ ಸಿಕ್ಕಾಗ ಏನೇನು ಸಾಧ್ಯ ಎಂಬುದನ್ನು ಥಿಯೇಟರ್ ರೋಡಿನವರು ತೋರಿಸಿದರು ಎಂದು ನನಗೆ ಓದುವಾಗಲೆಲ್ಲ ಅನಿಸುತ್ತದೆ.

ಮುಜಿಬ್ 1972ರ ಜನವರಿ 10ರಂದು ಢಾಕಾಕ್ಕೆ ಮರಳಿದರು. ಮರುದಿನ ತಾತ್ಕಾಲಿಕ ಸಂವಿಧಾನ ಆದೇಶ ಹೊರಟು, ಅಧಿಕಾರವೆಲ್ಲ ರಾಷ್ಟ್ರಪತಿಯಲ್ಲಿ ಕೂಡಿದ್ದ ಯುದ್ಧಕಾಲದ ವ್ಯವಸ್ಥೆ ಹೋಗಿ ಸಂಸದೀಯ ಪದ್ಧತಿ ಬಂತು. ಜನವರಿ 12ರಂದು ಮುಜಿಬ್ ಪ್ರಧಾನಿಯಾದರು, ಅಬು ಸಯೀದ್ ಚೌಧುರಿ ರಾಷ್ಟ್ರಪತಿಯಾದರು, ತಾಜುದ್ದೀನ್ ಹಣಕಾಸು ಮಂತ್ರಿಯಾದರು. ಎಂಟು ತಿಂಗಳು ದೇಶವನ್ನು ಹೊತ್ತವರು ಅಧಿಕಾರ ಬಿಟ್ಟುಕೊಡಲು ಒಂದು ದಿನವೂ ತಡಮಾಡಲಿಲ್ಲ. ಮಾರ್ಚ್ ತಿಂಗಳಲ್ಲಿ ಢಾಕಾದಲ್ಲಿ ಬೀಳ್ಕೊಡುಗೆಯ ಕವಾಯತು ನಡೆದು ಭಾರತದ ಸೇನೆ ಹಿಂದಿರುಗಿತು; ಅದೇ ತಿಂಗಳ 4ರಂದು ಟಾಕಾ ನೋಟುಗಳು ಚಲಾವಣೆಗೆ ಬಂದಿದ್ದವು.

ಆ ಮೇಲಿನದನ್ನು ಬರೆಯಲು ಕೈ ಏಳುವುದಿಲ್ಲ. ತಾಜುದ್ದೀನ್ 1974ರ ಅಕ್ಟೋಬರಿನಲ್ಲಿ ಮಂತ್ರಿಪದವಿ ಬಿಡಬೇಕಾಯಿತು. 1975ರ ಆಗಸ್ಟ್ 15ರಂದು ಮುಜಿಬರ ಹತ್ಯೆಯಾಗಿ ಮುಷ್ತಾಕ್ ರಾಷ್ಟ್ರಪತಿಯಾದರು. ನವೆಂಬರ್ 3ರ ನಸುಕಿನಲ್ಲಿ ಢಾಕಾದ ಸೆರೆಮನೆಯೊಳಗೆ ತಾಜುದ್ದೀನ್, ನಜ್ರುಲ್ ಇಸ್ಲಾಂ, ಮನ್ಸೂರ್ ಅಲಿ, ಕಮರುಜ್ಜಮಾನ್ ನಾಲ್ವರನ್ನೂ ಗುಂಡಿಟ್ಟು ಕೊಂದರು. ಮಾವಿನ ತೋಪಿನಲ್ಲಿ ಪ್ರಮಾಣ ಸ್ವೀಕರಿಸಿದ ಮಂತ್ರಿಮಂಡಲದಲ್ಲಿ ಉಳಿದವರು ಮುಷ್ತಾಕ್ ಒಬ್ಬರೇ.

ಅವರು ಬರೆದದ್ದು ಮಾತ್ರ ಅಳಿಯಲಿಲ್ಲ. 1972ರ ಡಿಸೆಂಬರ್ 16ರಂದು ಜಾರಿಗೆ ಬಂದ ಬಾಂಗ್ಲಾದೇಶದ ಸಂವಿಧಾನದ 150ನೆಯ ವಿಧಿಯೂ ನಾಲ್ಕನೆಯ ಅನುಸೂಚಿಯೂ, 1971ರ ಮಾರ್ಚ್ 26ರಿಂದ ಆ ದಿನದವರೆಗೆ ಮಾಡಿದ ಎಲ್ಲ ಕಾನೂನುಗಳನ್ನೂ ಚಲಾಯಿಸಿದ ಅಧಿಕಾರವನ್ನೂ ಸ್ಥಿರೀಕರಿಸಿದವು. ಏಪ್ರಿಲ್ 10ರಂದು ನಜ್ರುಲ್ ಇಸ್ಲಾಂ ಸಹಿ ಮಾಡಿದ ಆ ಸಣ್ಣ ಆದೇಶವೂ ಅದರಲ್ಲಿ ಸೇರಿದೆ.